ನಮ್ಮೂರ ಪಂಚಾಯಿತಿ ಸುದ್ದಿ ಎಲ್ಲಿ ಸಿಗುತ್ತೆ, ನಾವು ಕೈಜೋಡಿಸೋದು ಹೇಗೆ? ಇಲ್ಲಿದೆ ಪೂರ್ತಿ ಮಾಹಿತಿ

ಬೀದಿ ದೀಪ ಉರೀತಿಲ್ಲ, ಚರಂಡಿ ಕಟ್ಟಿಕೊಂಡಿದೆ, ನೀರು ಮೂರು ದಿನಕ್ಕೊಮ್ಮೆ ಬರ್ತಿದೆ. ಹೋಟೆಲ್ ಬೆಂಚಿನ ಮೇಲೆ, ಡೇರಿ ಮುಂದೆ, ಅಂಗಡಿ ಕಟ್ಟೆ ಮೇಲೆ ದಿನಾ ನಡೆಯೋ ಮಾತು ಇದೇ. ಆದರೆ ಇದೇ ಮಾತನ್ನ ದಾಖಲೆಗೆ ಹೋಗುವ ಜಾಗದಲ್ಲಿ, ದಾಖಲೆಗೆ ಹೋಗುವ ದಿನ ಆಡುವವರು ಕಡಿಮೆ. ಗ್ರಾಮಸಭೆ ಯಾವಾಗ ಆಯ್ತು ಅಂತಲೇ ಎಷ್ಟೋ ಜನಕ್ಕೆ ಗೊತ್ತಾಗೋದಿಲ್ಲ. ಗೊತ್ತಾಗುವ ಹೊತ್ತಿಗೆ ಮನೆ ಪಟ್ಟಿ ಅಂತಿಮವಾಗಿರುತ್ತೆ, ಮುಂದಿನ ವರ್ಷದ ಕ್ರಿಯಾ ಯೋಜನೆ ಮೇಲಕ್ಕೆ ಹೋಗಿರುತ್ತೆ.

ತಾಲ್ಲೂಕಿನ ಓದುಗರಿಗೆ, ವ್ಯಾಪಾರಸ್ಥರಿಗೆ ಉಪಯೋಗ ಆಗಲಿ ಅಂತ ಗ್ರಾಮ ಪಂಚಾಯಿತಿ ಮಟ್ಟದ ಸುದ್ದಿ ತಿಳಿಯುವ ದಾರಿಗಳು, ಭಾಗವಹಿಸುವ ಸಭೆಗಳು, ಸೇರಬಹುದಾದ ಸಮಿತಿಗಳು, ದೂರು ಕೊಡುವ ಕ್ರಮ ಎಲ್ಲವನ್ನೂ ಒಂದೇ ಕಡೆ ಕೊಟ್ಟಿದ್ದೇವೆ. ಬೇಕಾದಾಗ ತೆಗೆದು ನೋಡಲು ಇಟ್ಟುಕೊಳ್ಳಿ.

ಪಂಚಾಯಿತಿಗೆ ಈ ಅಧಿಕಾರ ಎಲ್ಲಿಂದ ಬಂತು?

ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದರ ಬೆನ್ನಿಗೇ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ 1993ರ ಮೇ 10ರಿಂದ ಜಾರಿಯಾಯಿತು. 2015ರ ತಿದ್ದುಪಡಿಯಲ್ಲಿ ಅದರ ಹೆಸರು 'ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ' ಎಂದಾಯಿತು. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಇದೆ. ಕುಡಿಯುವ ನೀರು, ರಸ್ತೆ, ಸಂತೆ, ಗ್ರಂಥಾಲಯ, ಪ್ರಾಥಮಿಕ ಶಿಕ್ಷಣ ಎಲ್ಲವೂ ಅದರಲ್ಲಿವೆ.

ನಮ್ಮ ರಾಜ್ಯಕ್ಕೆ ಇದಕ್ಕಿಂತ ಹಳೆಯ ಚರಿತ್ರೆಯೂ ಇದೆ. 1983ರ ಕಾಯ್ದೆಯ ಪ್ರಕಾರ 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ನಡೆದಿತ್ತು. ಆಗ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಊರೂರಿಗೆ ಬೋರ್‌ವೆಲ್ ಹಾಕಿಸಿ 'ನೀರು ಸಾಬ್' ಎಂದೇ ಹೆಸರಾದರು. ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ಮೈಸೂರಿನ ಸಂಸ್ಥೆಗೆ ಅವರದೇ ಹೆಸರಿದೆ.

ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು ಎನ್ನುವ ಲೆಕ್ಕ. ಅಂದರೆ ವಿಧಾನಸಭೆ, ಲೋಕಸಭೆಗಿಂತ ಇಲ್ಲಿ ನಿಮ್ಮ ಒಂದು ಮಾತಿನ ತೂಕ ಎಷ್ಟೋ ಪಾಲು ಜಾಸ್ತಿ. ಸದಸ್ಯ ಸ್ಥಾನಗಳಲ್ಲಿ ಅರ್ಧ ಮಹಿಳೆಯರಿಗೆ ಮೀಸಲು. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯೋದಿಲ್ಲ. 21 ವರ್ಷ ತುಂಬಿದ, ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾರು ಬೇಕಾದರೂ, ಕಾನೂನಿನ ಅನರ್ಹತೆ ಇಲ್ಲದಿದ್ದರೆ, ನಿಲ್ಲಬಹುದು.

ಸುದ್ದಿ ಎಲ್ಲಿ ಸಿಗುತ್ತೆ?

ಮೊದಲನೆಯದು ಪಂಚಾಯಿತಿ ಕಚೇರಿಯ ನೋಟಿಸ್ ಬೋರ್ಡ್. ಸಭೆಯ ತಿಳಿವಳಿಕೆ, ಮಳಿಗೆ ಹರಾಜು, ಸಂತೆ ಸುಂಕದ ಹರಾಜು, ಫಲಾನುಭವಿ ಪಟ್ಟಿ ಇಲ್ಲಿ ಬರುತ್ತವೆ. ವಾರಕ್ಕೊಮ್ಮೆ ಆ ಕಡೆ ಹೋದಾಗ ಎರಡು ನಿಮಿಷ ನಿಂತು ಓದಿ. ಆಗಲ್ಲ ಅಂದರೆ ಫೋನಲ್ಲಿ ಫೋಟೋ ತೆಗೆದು ಬೀದಿಯ ಗ್ರೂಪಿಗೆ ಹಾಕಿ. ಒಬ್ಬರು ಹಾಕಿದರೆ ಐವತ್ತು ಮನೆಗೆ ಸುದ್ದಿ ಮುಟ್ಟುತ್ತೆ.

ಎರಡನೆಯದು ಡಂಗುರ ಮತ್ತು ಮೈಕು. ಹಲವು ಪಂಚಾಯಿತಿಗಳಲ್ಲಿ ಈಗ ಕಸದ ಗಾಡಿಯ ಮೈಕಿನಲ್ಲೇ ಪ್ರಕಟಣೆ ಹೇಳ್ತಾರೆ. ತೋಟದ ಮನೆ, ಹಾಡಿ, ದೂರದ ಮಜರೆಗಳಿಗೆ ಈ ದನಿ ಮುಟ್ಟೋದು ಕಷ್ಟ. ಅಂಥ ಕಡೆ ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಅಂಗನವಾಡಿ ಬಾಗಿಲಲ್ಲೂ ನೋಟಿಸ್ ಅಂಟಿಸಿ ಅಂತ ಪಿಡಿಒ ಅವರನ್ನ ಕೇಳಬಹುದು. ಅಂಗಡಿ ಇಟ್ಟವರು ತಮ್ಮ ಗೋಡೆಯ ಮೇಲೆ ಒಂದು ಹಾಳೆಯಷ್ಟು ಜಾಗ ಬಿಟ್ಟುಕೊಟ್ಟರೆ ಅದೂ ಊರಿನ ಸೇವೆಯೇ.

ಮೂರನೆಯದು ಅರಿವು ಕೇಂದ್ರ. ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಅಡಿ ಬಂದವು, ಈಗ 'ಅರಿವು ಕೇಂದ್ರ' ಎಂಬ ಹೆಸರಿದೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಸದಸ್ಯತ್ವ ಉಚಿತ. ಹಲವು ಕಡೆ ಕಂಪ್ಯೂಟರ್ ಕೂಡ ಇದೆ. ಆನ್‌ಲೈನ್ ಅರ್ಜಿ, ಫಲಿತಾಂಶ ನೋಡೋಕೆ ಮಕ್ಕಳು ಪೇಟೆಗೆ ಹೋಗಬೇಕಾಗಿಲ್ಲ.

ನಾಲ್ಕನೆಯದು ಮೊಬೈಲ್. ಕೇಂದ್ರ ಸರ್ಕಾರದ 'ಇ-ಗ್ರಾಮ ಸ್ವರಾಜ್' ತಾಣ ಮತ್ತು 'ಮೇರಿ ಪಂಚಾಯತ್' ಆ್ಯಪ್‌ನಲ್ಲಿ ರಾಜ್ಯ, ಜಿಲ್ಲೆ, ತಾಲ್ಲೂಕು ಆರಿಸಿ ನಿಮ್ಮ ಪಂಚಾಯಿತಿ ತೆರೆದರೆ ಯೋಜನೆ, ಅನುದಾನ, ಪಾವತಿ ವಿವರ ನೋಡಬಹುದು. ರಾಜ್ಯದ 'ಪಂಚಮಿತ್ರ'ದಲ್ಲಿ ಪಂಚಾಯಿತಿ ಸದಸ್ಯರು, ಸಿಬ್ಬಂದಿ, ಸೇವೆಗಳ ಮಾಹಿತಿ ಇದೆ, ಕುಂದುಕೊರತೆಯನ್ನೂ ದಾಖಲಿಸಬಹುದು.

ಮೂರು ಮೆಟ್ಟಿಲಿನ ಸಭೆ: ಜನವಸತಿ, ವಾರ್ಡ್, ಗ್ರಾಮ

ಜನವಸತಿ ಸಭೆ ಒಂದು ಹಟ್ಟಿ, ಒಂದು ಮಜರೆ, ಒಂದು ಕಾಲೊನಿಯ ಮಟ್ಟದ್ದು. ಅಲ್ಲಿನ ಬೇಡಿಕೆ ವಾರ್ಡ್ ಸಭೆಗೆ ಬರುತ್ತೆ. ವಾರ್ಡ್ ಸಭೆಗೆ ಆ ಕ್ಷೇತ್ರದ ಸದಸ್ಯರ ಅಧ್ಯಕ್ಷತೆ. ವಾರ್ಡ್ ಸಭೆಗಳ ಪಟ್ಟಿ ಒಟ್ಟಾಗಿ ಗ್ರಾಮಸಭೆಗೆ ಬರುತ್ತೆ, ಅಲ್ಲಿ ಪಂಚಾಯಿತಿ ಅಧ್ಯಕ್ಷರ ಅಧ್ಯಕ್ಷತೆ. ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಲೇಬೇಕು.

ಈ ಕ್ರಮ ತಿಳಿದಿರೋದು ಯಾಕೆ ಮುಖ್ಯ? ತುಂಬ ಜನ ನೇರ ಗ್ರಾಮಸಭೆಗೆ ಬಂದು 'ನಮ್ಮ ಬೀದಿಗೆ ಚರಂಡಿ ಹಾಕಿ' ಅಂತಾರೆ. ಅಷ್ಟೊತ್ತಿಗೆ ವಾರ್ಡ್‌ನ ಪಟ್ಟಿ ತಯಾರಾಗಿರುತ್ತೆ. ಹೊಸದು ಸೇರಿಸೋಕೆ ವಾದ ಮಾಡಬೇಕಾಗುತ್ತೆ. ವಾರ್ಡ್ ಸಭೆಯಲ್ಲೇ ಹೇಳಿದ್ದರೆ ಅದು ಪಟ್ಟಿಯಲ್ಲೇ ಬಂದಿರುತ್ತಿತ್ತು.

ಗ್ರಾಮಸಭೆಗೆ ಕೋರಂ ಇದೆ. ಒಟ್ಟು ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಇರಬೇಕು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರ ಹಾಜರಿಗೂ ಕಾಯ್ದೆ ಒತ್ತು ಕೊಟ್ಟಿದೆ. ಕೋರಂ ಇಲ್ಲದಿದ್ದರೆ ಸಭೆ ಮುಂದಕ್ಕೆ ಹೋಗುತ್ತೆ. ಇಲ್ಲೇ ಒಂದು ಕೆಟ್ಟ ಚಾಳಿ ಬೆಳೆದಿದೆ: ಸಭೆ ಮುಗಿದ ಮೇಲೆ ಹಾಜರಾತಿ ಪುಸ್ತಕ ಮನೆಮನೆಗೆ ಬರೋದು. ಬಂದಿಲ್ಲದ ಸಭೆಗೆ ದಯವಿಟ್ಟು ಸಹಿ ಹಾಕಬೇಡಿ. ನಿಮ್ಮ ಆ ಒಂದು ಸಹಿ, ನೀವು ನೋಡದ ಪಟ್ಟಿಗೆ ನೀವೇ ಒಪ್ಪಿಗೆ ಕೊಟ್ಟ ಹಾಗೆ. ನಾಳೆ ಬಡವರೊಬ್ಬರ ಹೆಸರು ಬಿಟ್ಟುಹೋದಾಗ 'ಸಭೆಯಲ್ಲಿ ಎಲ್ಲರೂ ಒಪ್ಪಿದ್ದಾರಲ್ಲ' ಅನ್ನೋದಕ್ಕೆ ಅದೇ ಪುಸ್ತಕ ಸಾಕ್ಷಿ.

ಮನೆ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲೇ ಆಗಬೇಕು. ಗುಡಿಸಲಲ್ಲಿ ಇರುವ ಒಂಟಿ ಹೆಂಗಸು, ಕೂಲಿಗೆ ಬೇರೆ ಊರಿಗೆ ಹೋದ ಕುಟುಂಬ ಸಭೆಗೆ ಬರೋಕೆ ಆಗದೇ ಇರಬಹುದು. ಅವರ ಪರವಾಗಿ ಎದ್ದು ಹೆಸರು ಹೇಳೋದು ಪಕ್ಕದ ಮನೆಯವರ ಕೆಲಸ.

ಇವಲ್ಲದೆ ಮಹಿಳಾ ಗ್ರಾಮಸಭೆ, ಮಕ್ಕಳ ಗ್ರಾಮಸಭೆಯೂ ನಡೆಯುತ್ತವೆ. ಮಕ್ಕಳ ಗ್ರಾಮಸಭೆ ಸಾಮಾನ್ಯವಾಗಿ ನವೆಂಬರ್ ಆಸುಪಾಸು. ಶಾಲೆಯ ಶೌಚಾಲಯ, ಕಾಂಪೌಂಡು, ಬಸ್ಸು ಬಾರದೇ ಇರೋದು, ಶಾಲೆ ಹತ್ತಿರ ತಂಬಾಕು ಮಾರೋದು ಇಂಥ ಮಾತನ್ನ ಮಕ್ಕಳು ದೊಡ್ಡವರಿಗಿಂತ ನೇರವಾಗಿ ಕೇಳ್ತಾರೆ.

ವರ್ಷದ ಕ್ಯಾಲೆಂಡರ್ ಗುರುತು ಹಾಕಿಕೊಳ್ಳಿ

ಏಪ್ರಿಲ್: ಹೊಸ ಆರ್ಥಿಕ ವರ್ಷ. ಮನೆ, ಅಂಗಡಿ ಕಂದಾಯದ ಹೊಸ ಬೇಡಿಕೆ ಶುರು.

ಆಗಸ್ಟ್ 16ರಿಂದ ಸೆಪ್ಟೆಂಬರ್ 15: ಜಮಾಬಂದಿ. ಹಿಂದಿನ ವರ್ಷ ಎಷ್ಟು ಹಣ ಬಂತು, ಯಾವ ಕಾಮಗಾರಿಗೆ ಎಷ್ಟು ಹೋಯ್ತು ಅನ್ನೋದನ್ನ ಜನರ ಮುಂದೆ ಇಡಬೇಕು. ಕಾಮಗಾರಿ ಸ್ಥಳಕ್ಕೂ ಹೋಗಿ ನೋಡಬಹುದು. ಗ್ರಾಮಸಭೆಯಷ್ಟು ಗದ್ದಲ ಇಲ್ಲದ, ಆದರೆ ಅದಕ್ಕಿಂತ ಹರಿತವಾದ ಸಭೆ ಇದು. ಕಾಗದದ ಮೇಲೆ ಇರುವ ಚರಂಡಿ ನೆಲದ ಮೇಲೂ ಇದೆಯಾ ಅಂತ ಕೇಳುವ ದಿನ.

ಅಕ್ಟೋಬರ್ 2: ಮುಂದಿನ ವರ್ಷದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ತಯಾರಿಸುವ ಅಭಿಯಾನ ಗಾಂಧಿ ಜಯಂತಿ ಹೊತ್ತಿಗೆ ಶುರುವಾಗುತ್ತೆ. ನಮ್ಮಲ್ಲಿ ಇದನ್ನ 'ನಮ್ಮ ಗ್ರಾಮ ನಮ್ಮ ಯೋಜನೆ' ಅಂತಾರೆ. ಬೇಡಿಕೆ ಕೊಡೋಕೆ ಇದೇ ಸರಿಯಾದ ಸಮಯ. ಉತ್ತಮ ಕೆಲಸ ಮಾಡಿದ ಪಂಚಾಯಿತಿಗೆ, ತಾಲ್ಲೂಕಿಗೆ ಒಂದರಂತೆ, ಗಾಂಧಿ ಗ್ರಾಮ ಪುರಸ್ಕಾರ ಕೊಡೋದೂ ಈ ಸಂದರ್ಭದಲ್ಲೇ.

ಫೆಬ್ರವರಿ, ಮಾರ್ಚ್: ಬಜೆಟ್ ತಯಾರಿ, ಕಂದಾಯ ವಸೂಲಿ, ಹಲವು ಕಡೆ ಸಂತೆ ಸುಂಕ ಮತ್ತು ಮಳಿಗೆ ಹರಾಜು.

'ದುಡ್ಡಿಲ್ಲ' ಅಂದರೆ ಏನರ್ಥ?

ರಸ್ತೆ ಕೇಳಿದರೆ 'ಆ ಹಣ ಇದಕ್ಕೆ ಬರಲ್ಲ' ಎಂಬ ಉತ್ತರ ಬರುತ್ತೆ. ಯಾವಾಗಲೂ ಇದು ನೆಪ ಅಲ್ಲ. 15ನೇ ಹಣಕಾಸು ಆಯೋಗದ 2021-26ರ ಅವಧಿಯ ಅನುದಾನದಲ್ಲಿ ಶೇ 60ರಷ್ಟು ನಿರ್ಬಂಧಿತ. ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ ಮಾತ್ರ. ಉಳಿದ ಶೇ 40 ಮಾತ್ರ ಸ್ಥಳೀಯ ಅಗತ್ಯಕ್ಕೆ ಬಳಸುವ ಮುಕ್ತ ಅನುದಾನ. ಇಂಥ ಷರತ್ತು ಇರುವಾಗ 'ಯಾವ ಲೆಕ್ಕಶೀರ್ಷಿಕೆಯಲ್ಲಿ ಎಷ್ಟು ಹಣ ಇದೆ' ಅಂತ ಕೇಳಬೇಕು. ಬರೀ 'ದುಡ್ಡು ಬಂದಿದೆ ತಾನೇ' ಅಂದರೆ ಮಾತು ಅಲ್ಲಿಗೇ ನಿಲ್ಲುತ್ತೆ.

ಪಂಚಾಯಿತಿಯ ಕೈಯಲ್ಲಿ ನಿಜವಾಗಿ ಸ್ವತಂತ್ರವಾಗಿ ಇರೋದು ಸ್ವಂತ ವರಮಾನ: ಮನೆ, ಅಂಗಡಿ, ನಿವೇಶನಗಳ ತೆರಿಗೆ, ನೀರಿನ ಶುಲ್ಕ, ಪರವಾನಗಿ ಶುಲ್ಕ, ಮಳಿಗೆ ಬಾಡಿಗೆ, ಸಂತೆ ಸುಂಕ. ಹಾಗಾಗಿ ಕಂದಾಯ ಕಟ್ಟಿ ರಸೀದಿ ಇಟ್ಟುಕೊಂಡವರ ಪ್ರಶ್ನೆಗೆ ಸಭೆಯಲ್ಲಿ ತೂಕ ಜಾಸ್ತಿ. ಬಾಕಿ ಇದ್ದರೂ ಕೇಳುವ ಹಕ್ಕು ಹೋಗಲ್ಲ, ಆದರೆ 'ಮೊದಲು ನಿಮ್ಮ ಬಾಕಿ ಕಟ್ಟಿ' ಅನ್ನೋ ಬಾಯಿಗೆ ಅವಕಾಶ ಯಾಕೆ ಕೊಡಬೇಕು?

ವ್ಯಾಪಾರಸ್ಥರಿಗೆ ವಿಶೇಷ

ಪಂಚಾಯಿತಿ ವ್ಯಾಪ್ತಿಯಲ್ಲಿ ಅಂಗಡಿ, ಹೋಟೆಲ್, ಗಿರಣಿ, ಸಣ್ಣ ಕೈಗಾರಿಕೆ ನಡೆಸೋರು ಪಂಚಾಯಿತಿಯಿಂದ ಪರವಾನಗಿ ಪಡೆದು ಸಮಯಕ್ಕೆ ನವೀಕರಿಸಿಕೊಳ್ಳಬೇಕು. ಬ್ಯಾಂಕ್ ಸಾಲಕ್ಕೂ ಈ ಕಾಗದ ಬೇಕಾಗುತ್ತೆ. ತಿನ್ನುವ ವಸ್ತು ಮಾರುವವರು ಆಹಾರ ಸುರಕ್ಷತೆಯ ನೋಂದಣಿ ಅಥವಾ ಪರವಾನಗಿಯನ್ನೂ ಮಾಡಿಸಿಕೊಂಡಿರಬೇಕು.

ಕಟ್ಟಡದ ದಾಖಲೆ ಇ-ಸ್ವತ್ತಿನಲ್ಲಿ ಸರಿಯಾಗಿದೆಯಾ ನೋಡಿಕೊಳ್ಳಿ. ನಮೂನೆ 9 ಮತ್ತು 11ರಲ್ಲಿ ಹೆಸರು, ಅಳತೆ, ಚಕ್ಕುಬಂದಿ ತಪ್ಪಿದ್ದರೆ ಮಾರಾಟದ ದಿನದವರೆಗೆ ಕಾಯಬೇಡಿ, ಈಗಲೇ ಅರ್ಜಿ ಕೊಡಿ.

ಪಂಚಾಯಿತಿ ಮಳಿಗೆಗಳು ಬಹಿರಂಗ ಹರಾಜಿನಲ್ಲಿ ಹೋಗಬೇಕು. ಪ್ರಕಟಣೆ, ಠೇವಣಿ, ಅವಧಿ, ಮೀಸಲಾತಿ ವಿವರ ಲಿಖಿತವಾಗಿ ಕೇಳಿ. ಹರಾಜಿನ ನಡವಳಿಯ ಪ್ರತಿಯನ್ನೂ ಪಡೆಯಬಹುದು.

ಪ್ಲಾಸ್ಟಿಕ್ ಚೀಲದ ಮೇಲೆ ಕರ್ನಾಟಕದಲ್ಲಿ 2016ರಿಂದಲೇ ನಿಷೇಧ ಇದೆ. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧ ಇದೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ. ಹಲವು ಪಂಚಾಯಿತಿಗಳಲ್ಲಿ ಕಸದ ಗಾಡಿ ಓಡಿಸೋರು ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಒಡೆದ ಬಾಟಲಿ, ಬ್ಲೇಡು, ಕೊಳೆತ ತರಕಾರಿ ಒಂದೇ ಚೀಲಕ್ಕೆ ತುಂಬಿ ಕೊಟ್ಟರೆ ಕೈ ಕುಯ್ಯೋದು ಅವರದು.

ಸಂತೆಯ ಜಾಗ, ಶೌಚಾಲಯ, ಬಸ್ ನಿಲ್ದಾಣದ ದೀಪ, ವಾಹನ ನಿಲ್ಲಿಸೋ ವ್ಯವಸ್ಥೆ ಇವೆಲ್ಲ ಒಬ್ಬ ಅಂಗಡಿಯವರು ಕೇಳಿದರೆ ಸ್ವಂತ ಲಾಭಕ್ಕೆ ಕೇಳಿದ ಹಾಗೆ ಕಾಣಬಹುದು. ರಸ್ತೆಯ ಹತ್ತು ಅಂಗಡಿಯವರು ಒಂದೇ ಅರ್ಜಿಗೆ ಸಹಿ ಹಾಕಿ ವಾರ್ಡ್ ಸಭೆಗೆ ಕೊಟ್ಟರೆ ಅದು ಊರಿನ ಬೇಡಿಕೆ.

ಚುನಾವಣೆಗೆ ನಿಲ್ಲದೆ ಸೇರಬಹುದಾದ ಸಮಿತಿಗಳು

ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ: 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್‌ನಲ್ಲಿ ನಲ್ಲಿ ಕಾಮಗಾರಿ, ನಿರ್ವಹಣೆ ನೋಡೋಕೆ ಈ ಸಮಿತಿ. ಅರ್ಧದಷ್ಟು ಮಹಿಳೆಯರಿರಬೇಕು. ದಿನಕ್ಕೆ ಒಬ್ಬರಿಗೆ 55 ಲೀಟರ್ ನೀರು ಅನ್ನೋದು ಈ ಯೋಜನೆಯ ಮಾನದಂಡ. ಪೈಪ್ ಹಾಕಿ ರಸ್ತೆ ಅಗೆದು ಹಾಗೇ ಬಿಟ್ಟಿದ್ದರೆ ಕೇಳಬೇಕಾದ್ದು ಈ ಸಮಿತಿಯಲ್ಲಿ.

ಎಸ್‌ಡಿಎಂಸಿ: ಸರ್ಕಾರಿ ಶಾಲೆಯಲ್ಲಿ ಮಕ್ಕಳಿರುವ ಪೋಷಕರು ಇದಕ್ಕೆ ಬರಬಹುದು. ಬಿಸಿಯೂಟ, ಕೊಠಡಿ ದುರಸ್ತಿ, ಶಿಕ್ಷಕರ ಹಾಜರಿ ಎಲ್ಲ ಇಲ್ಲಿ ಚರ್ಚೆಗೆ ಬರುತ್ತವೆ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ: ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು ಇರುವ ಸಮಿತಿ. ಡೆಂಗಿ ಕಾಲದಲ್ಲಿ ಇದು ಚುರುಕಾಗಿದ್ದರೆ ಊರು ಆಸ್ಪತ್ರೆ ಬಾಗಿಲು ಕಾಯೋದು ತಪ್ಪುತ್ತೆ.

ಬಾಲವಿಕಾಸ ಸಮಿತಿ: ಅಂಗನವಾಡಿಯದ್ದು. ತಾಯಂದಿರಿಗೆ ಇದೇ ಮೊದಲ ವೇದಿಕೆ.

ಜೀವವೈವಿಧ್ಯ ನಿರ್ವಹಣಾ ಸಮಿತಿ: 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಇರಬೇಕಾದದ್ದು. ಕೆರೆ, ಗೋಮಾಳ, ನಾಟಿ ತಳಿ, ಔಷಧಿ ಗಿಡ ಬಲ್ಲ ಹಿರಿಯರಿಗೆ ಇಲ್ಲಿ ಕೆಲಸ ಇದೆ.

ಸಂಜೀವಿನಿ ಒಕ್ಕೂಟ: ಸ್ವಸಹಾಯ ಸಂಘಗಳು ಸೇರಿ ಪಂಚಾಯಿತಿ ಮಟ್ಟದಲ್ಲಿ ಮಾಡಿಕೊಂಡ ಒಕ್ಕೂಟ. ಸಾಲದ ಜೊತೆಗೆ ಮಾರಾಟ, ತರಬೇತಿಗೂ ದಾರಿ.

ನಿಮ್ಮೂರಲ್ಲಿ ಈ ಸಮಿತಿಗಳಲ್ಲಿ ಯಾರಿದ್ದಾರೆ ಅಂತ ಪಂಚಾಯಿತಿಯಲ್ಲಿ ಪಟ್ಟಿ ಕೇಳಿ ನೋಡಿ. ಹೆಸರಿದ್ದವರಿಗೇ ತಾವು ಸದಸ್ಯರು ಅಂತ ಗೊತ್ತಿಲ್ಲದೇ ಇರುವ ಉದಾಹರಣೆ ಕಡಿಮೆ ಇಲ್ಲ.

ಯಾರ ಕೆಲಸ ಯಾರದು?

ಬೀದಿ ದೀಪದ ಬಲ್ಬು ಪಂಚಾಯಿತಿಯದು. ವಾಲಿದ ಕಂಬ, ಜೋತುಬಿದ್ದ ತಂತಿ, ಟ್ರಾನ್ಸ್‌ಫಾರ್ಮರ್ ವಿದ್ಯುತ್ ಕಂಪನಿಯದು, ಸಹಾಯವಾಣಿ 1912. ಊರೊಳಗಿನ ಬೀದಿ ಪಂಚಾಯಿತಿಯದು. ಜಿಲ್ಲಾ ಮುಖ್ಯ ರಸ್ತೆ, ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ಪಹಣಿ ತಿದ್ದುಪಡಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವೃದ್ಧಾಪ್ಯ ವೇತನ ಕಂದಾಯ ಇಲಾಖೆಯ ಕೆಲಸ, ನಾಡಕಚೇರಿಗೆ ಹೋಗಿ. ಮಕ್ಕಳ ತೊಂದರೆಗೆ 1098, ಆಂಬುಲೆನ್ಸ್‌ಗೆ 108. ಇಷ್ಟು ಗೊತ್ತಿದ್ದರೆ ಅರ್ಧ ಅಲೆದಾಟ ತಪ್ಪುತ್ತೆ. ಬೇರೆ ಇಲಾಖೆಯದಾದರೂ ಗ್ರಾಮಸಭೆಯಲ್ಲಿ ಕೇಳಬಹುದು, ಇಲಾಖೆಗಳ ಅಧಿಕಾರಿಗಳನ್ನ ಸಭೆಗೆ ಕರೆಸೋದು ಅದಕ್ಕೇ.

ಕೆಲಸ ಆಗದಿದ್ದರೆ ಹಂತ ಹಂತವಾಗಿ

1. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಒಂದು ಹಾಳೆಯಲ್ಲಿ ಬರೆದು ಕೊಡಿ: ಜಾಗ, ಸಮಸ್ಯೆ, ಎಷ್ಟು ದಿನದಿಂದ, ಏನು ಬೇಕು. ಎರಡನೇ ಪ್ರತಿಗೆ ದಿನಾಂಕ, ಮೊಹರು ಹಾಕಿಸಿಕೊಳ್ಳಿ.

2. ಅದು ಸಕಾಲ ಸೇವೆಯೇ ಅಂತ ಕೇಳಿ. ಸಕಾಲ 2011ರ ಕಾಯ್ದೆ, 2012ರ ಏಪ್ರಿಲ್‌ನಲ್ಲಿ ಶುರುವಾಯಿತು. ಅರ್ಜಿಗೆ ಸಂಖ್ಯೆ ಸಿಗುತ್ತೆ, ಅವಧಿ ನಿಗದಿ ಇರುತ್ತೆ. ತಡವಾದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರಕ್ಕೆ ಅವಕಾಶ ಇದೆ.

3. ಪಿಡಿಒ ಹಂತದಲ್ಲಿ ಆಗದಿದ್ದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ, ಆಮೇಲೆ ಜಿಲ್ಲಾ ಪಂಚಾಯಿತಿ ಸಿಇಒ. ಹಿಂದಿನ ಅರ್ಜಿಯ ಪ್ರತಿ ಲಗತ್ತಿಸಿ.

4. ರಾಜ್ಯದ ಜನಸ್ಪಂದನ ಸಹಾಯವಾಣಿ 1902. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

5. ಮಾಹಿತಿ ಹಕ್ಕು: 10 ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬಕ್ಕೆ ಶುಲ್ಕ ಇಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಲಿ. 'ಎಲ್ಲ ದಾಖಲೆ ಕೊಡಿ' ಅನ್ನೋ ಬದಲು 'ಇಂಥ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕ, ಬಿಲ್ಲಿನ ಪ್ರತಿ' ಅಂತ ಖಚಿತವಾಗಿ ಕೇಳಿ.

ಸಭೆಗೆ ಹೋಗುವ ಮುನ್ನ

ಒಬ್ಬರೇ ಹೋಗಬೇಡಿ, ಬೀದಿಯಿಂದ ನಾಲ್ಕೈದು ಜನ ಹೋಗಿ, ಅದರಲ್ಲಿ ಹೆಣ್ಣುಮಕ್ಕಳೂ ಇರಲಿ. ಹೋದ ತಕ್ಷಣ ಹಿಂದಿನ ಸಭೆಯ ನಡವಳಿ ಓದಿಸಿ, ಅದರಲ್ಲಿ ಆದದ್ದೆಷ್ಟು, ಉಳಿದದ್ದೆಷ್ಟು ಅಂತ ಕೇಳಿ. ನಿಮ್ಮ ಬೇಡಿಕೆ ಒಂದೋ ಎರಡೋ ಸಾಕು. ಹಳೇ ಜಗಳ, ಜಮೀನಿನ ತಕರಾರು, ಚುನಾವಣೆಯ ಸೇಡು ಸಭೆಗೆ ತಂದರೆ ಗಲಾಟೆಯಲ್ಲಿ ಸಭೆ ಮುಗಿಯುತ್ತೆ, ಪ್ರಶ್ನೆಗೆ ಉತ್ತರ ಕೊಡಲು ಇಷ್ಟ ಇಲ್ಲದವರಿಗೆ ಅದೇ ಬೇಕಾಗಿರೋದು. ಕೊನೆಗೆ ನಿಮ್ಮ ಬೇಡಿಕೆ ನಡವಳಿ ಪುಸ್ತಕದಲ್ಲಿ ಬರೆದಿದ್ದಾರಾ ಅಂತ ಕಣ್ಣಾರೆ ನೋಡಿ, ಆಮೇಲೆ ಸಹಿ ಹಾಕಿ.

ಚುನಾಯಿತ ಮಂಡಳಿಯ ಅವಧಿ ಮುಗಿದು ಆಡಳಿತಾಧಿಕಾರಿ ಕುಳಿತಿರುವ ಕಾಲದಲ್ಲಿ ಇವೆಲ್ಲ ಇನ್ನೂ ಮುಖ್ಯ. ಮನೆ ಬಾಗಿಲಿಗೆ ಬಂದು ಕೇಳುವ ಸದಸ್ಯರು ಆಗ ಇರೋದಿಲ್ಲ. ಊರಿನ ಬೇಡಿಕೆ ಕಚೇರಿವರೆಗೆ ಮುಟ್ಟಬೇಕಾದರೆ ಊರಿನವರೇ ಹೋಗಬೇಕು.

ಈ ವಾರ ಮಾಡಬಹುದಾದ ಕೆಲಸ ಒಂದೇ. ಪಂಚಾಯಿತಿ ಕಚೇರಿಗೆ ಹೋಗಿ ಮುಂದಿನ ವಾರ್ಡ್ ಸಭೆ ಯಾವತ್ತು ಅಂತ ಕೇಳಿ. ದಿನಾಂಕ ನಿಗದಿ ಆಗಿದ್ದರೆ ನಿಮ್ಮ ಬೀದಿಗೆ ತಿಳಿಸಿ. ನಿಗದಿ ಆಗಿಲ್ಲದಿದ್ದರೆ, ಕಳೆದ ಸಭೆ ಆಗಿ ಆರು ತಿಂಗಳು ದಾಟಿದೆಯಾ ಅಂತ ಲೆಕ್ಕ ಹಾಕಿ, ಸಭೆ ಕರೆಯಿರಿ ಅಂತ ಬರೆದು ಕೊಟ್ಟು ಸ್ವೀಕೃತಿ ಪಡೆದು ಬನ್ನಿ.